ಸೋತವರು ಕಟ್ಟಬೇಕಾದ ಗೋಪುರ

ನಾನು ಒಂದು ಗೋಪುರದಾಟ. ಚನ್ನಪಟ್ಟಣದಲ್ಲಿ ಆಲೆಮರದ ತುಂಡುಗಳಾಗಿ ಹುಟ್ಟಿದೆ. ಮೂರು ಮೂರು ತುಂಡುಗಳನ್ನು ಸಾಲಾಗಿ ಇಟ್ಟು, ಒಂದು ಸಾಲಿನ ಮೇಲೆ ಇನ್ನೊಂದನ್ನು ಅಡ್ಡಡ್ಡ ಪೇರಿಸಿದರೆ ಎದ್ದು ನಿಲ್ಲುತ್ತೇನೆ. ಆಡುವವರು ಸರದಿಯಂತೆ ಒಂದೇ ಕೈಯಲ್ಲಿ ಕೆಳಗಿನ ತುಂಡೊಂದನ್ನು ಎಳೆದು ನನ್ನ ತಲೆಯ ಮೇಲಿಡಬೇಕು. ನಾನು ಯಾರ ಕೈಯಲ್ಲಿ ಉರುಳಿದೆನೋ ಅವರು ಸೋತಂತೆ. ಸೋತವರೇ ಮತ್ತೆ ಕಟ್ಟಬೇಕು.

ಹುಬ್ಬಳ್ಳಿಯ ಒಂದು ಕಾಲೊನಿಯ ಕ್ಲಬ್ಬಿಗೆ ನನ್ನನ್ನು ತಂದವಳು ನೀಲಾಂಬಿಕಾ, ಎಲ್ಲರ ಬಾಯಲ್ಲಿ ನೀಲಕ್ಕ. ಸಂಜೆಯಾದರೆ ಮಹಡಿಯ ಕೋಣೆಯಲ್ಲಿ ಹೆಂಗಸರು ಸೇರುತ್ತಿದ್ದರು. ಒಂದು ದಿನ ಎಡಗೈ ಆಟ, ಇನ್ನೊಂದು ದಿನ ಕಣ್ಣು ಕಟ್ಟಿಕೊಂಡು ಆಟ. ನಾನು ಬಿದ್ದಾಗಲೆಲ್ಲ ಅವರು ಬಾಯ್ತುಂಬ ನಗುತ್ತಿದ್ದರು. ಮನೆಯಲ್ಲಿ ಹಾಗೆ ನಗಲು ಎಷ್ಟು ಮಂದಿಗೆ ಆಗುತ್ತಿತ್ತೋ!

ಆ ಕೋಣೆಯ ಮೇಲೆ ಕಾರ್ಯದರ್ಶಿ ಗುರುಪಾದಪ್ಪನ ಕಣ್ಣು ಬಿತ್ತು. ಅವನಿಗೆ ಇಸ್ಪೀಟಿನ ಮೇಜು ಹಾಕಬೇಕಿತ್ತು.

"ಆಟದಾಗ ತೀರ್ಮಾನ ಮಾಡೂಣ ಬರ್ರಿ ನೀಲವ್ವಾರ. ಗೆದ್ದವರಿಗೆ ಖೋಲಿ. ಆದ್ರ ಮುಟ್ಟಿದ ತುಂಡು ತಗೀಲೇಬೇಕು. ತಡವಿ ತಡವಿ ನೋಡೂದು ನಡ್ಯಂಗಿಲ್ಲ."

ಆಟದ ಹಿಂದಿನ ದಿನ ಅವನು ನನ್ನನ್ನು ಗುಟ್ಟಾಗಿ ಮನೆಗೆ ಒಯ್ದ. ಕೆಲವು ತುಂಡುಗಳನ್ನು ಉಪ್ಪುಕಾಗದದಿಂದ ಉಜ್ಜಿ ತೆಳ್ಳಗೆ ಮಾಡಿ, ತುದಿಗೆ ಮೊಳೆಯಿಂದ ಗೀರಿದ. ದಪ್ಪ ತುಂಡುಗಳ ನಡುವೆ ಆ ತೆಳು ತುಂಡುಗಳಿಗೆ ಭಾರವೇ ತಾಕದು. ಮರುದಿನ ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಊರೆಲ್ಲ ನೋಡುತ್ತಿರಲು ಅವನು ಗೀರು ಹುಡುಕಿ ತುಂಡನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದ. ನೀಲಕ್ಕ ಮುಟ್ಟಿದ್ದು ಬಿಗಿಯಾದ ತುಂಡು. ನಾನು ಉರುಳಿದೆ.

"ಆರಸ್ರಿ. ಸೋತವರಿಗೆ ಅದ ಕೆಲಸ," ಎಂದ ಗುರುಪಾದಪ್ಪ. ಗಂಡಸರು ನಕ್ಕರು.

ಮೊಣಕಾಲೂರಿ ಆರಿಸುವಾಗ ನೀಲಕ್ಕನ ಬೆರಳಿಗೆ ಗೀರು ಸಿಕ್ಕಿತು. ಬೆರಳು ಅಲ್ಲೇ ನಿಂತಿತು. ನನ್ನನ್ನು ಡಬ್ಬಿಗೆ ತುಂಬಿ ಮನೆಗೆ ನಡೆದಳು.

ವರ್ಷವಿಡೀ ಅಡುಗೆಮನೆಯ ಕಟ್ಟೆಯ ಮೇಲೆ ನನ್ನನ್ನು ಕಟ್ಟಿದಳು, ಕೆಡವಿದಳು. ತೆಳು ತುಂಡುಗಳನ್ನೇ ಮೂರು ಮೂರಾಗಿ ಒಂದೇ ಸಾಲಿಗೆ ಇಟ್ಟರೆ ಪಕ್ಕದಲ್ಲಿ ದಪ್ಪ ತುಂಡಿರುವುದಿಲ್ಲ. ಭಾರವೆಲ್ಲ ಅವುಗಳ ಮೇಲೇ ಕೂತು ಬಿಗಿಯುತ್ತದೆ. ಅದನ್ನು ಕಂಡುಕೊಂಡ ದಿನ ಅವಳು ಒಬ್ಬಳೇ ನಕ್ಕಳು. ಆ ನಗು ಮಹಡಿಯ ಕೋಣೆಯದಲ್ಲ.

ಕ್ಲಬ್ಬಿನ ಮುಂದಿನ ವಾರ್ಷಿಕೋತ್ಸವಕ್ಕೆ ನನ್ನನ್ನು ಹೊತ್ತು ತಂದಳು.

"ಮತ್ತ ಸೋಲಾಕ ಬಂದೀರೇನ?" ಎಂದ ಗುರುಪಾದಪ್ಪ.

"ಹೋದ ವರ್ಷದ್ದ ಆಟ, ಅದ ಖೋಲಿ, ನಿಮ್ಮದ ನಿಯಮ. ಸೋತಾಕಿ ನಾನು, ನಾನ ಕಟ್ತೀನಿ."

ಕಟ್ಟಿದಳು. ಅವನ ಸರದಿ ಬಂತು. ಗೀರು ಕಂಡಿತು, ಮುಗುಳ್ನಕ್ಕು ಬೆರಳಿಟ್ಟ. ತುಂಡು ಜಗ್ಗಲಿಲ್ಲ. ಹಣೆಯಲ್ಲಿ ಬೆವರೊಡೆಯಿತು. ಬೆರಳು ಹಿಂದೆ ತೆಗೆಯಹೋದ.

"ಮುಟ್ಟೀರಲ್ಲ, ತಗೀರಿ."

ಎಳೆದ. ನಾನು ಧಡಧಡನೆ ಬಿದ್ದೆ. ಅವನು ಕೋಣೆಯ ಕೀಲಿಯನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ತಿರುಗಿದ. ಮುಗಿಯಿತು ಅಂದುಕೊಂಡೆ.

"ಎಲ್ಲಿಗೆ? ಆರಸ್ರಿ," ಎಂದಳು ನೀಲಕ್ಕ.

ಬಿಳಿ ಧೋತರದ ಮೊಣಕಾಲೂರಿ ಅವನು ಆರಿಸಿದ, ಕಟ್ಟಿದ. ಕೊನೆಯ ತುಂಡು ಇಡುತ್ತಲೇ ನೀಲಕ್ಕ ಅಂಗೈಯಿಂದ ನನಗೆ ಹೊಡೆದಳು. "ಮತ್ತ ಕಟ್ರಿ." ಜನ ನಕ್ಕರು. ಮತ್ತೆ ಕಟ್ಟಿದ, ಮತ್ತೆ ಕೆಡವಿದಳು. ಈ ಸಲ ಯಾರೂ ನಗಲಿಲ್ಲ. ಅವನು ಮೊಣಕಾಲ ಮೇಲೇ ಸರಿದು ದೂರ ಉರುಳಿದ ತುಂಡುಗಳನ್ನು ಹೆಕ್ಕಿದ.

ಗೆಳತಿ ಶಾಹಿದಾ ಅವಳ ತೋಳು ಹಿಡಿದಳು. "ಸಾಕ ಬಿಡ, ನೀಲಕ್ಕ."

"ನಾ ಆರಸೂವಾಗ ಯಾರ ಸಾಕು ಅಂದ್ರು?"

ಅವನು ಮತ್ತೆ ಬಗ್ಗಿದ.

ಕೋಣೆ ಹೆಂಗಸರಿಗೆ ಮರಳಿ ಬಂತು. ಅವರು ಕೇರಂ ಆಡಿದರು, ಪಗಡೆ ಆಡಿದರು. ನನ್ನನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನೀಲಕ್ಕ ಡಬ್ಬಿ ತೆರೆದರೆ ಒಬ್ಬೊಬ್ಬರಿಗೂ ಮನೆಯ ಕೆಲಸ ನೆನಪಾಗುತ್ತಿತ್ತು. ಕೊನೆಗೆ ಅವಳೇ ನನ್ನನ್ನು ಅಂಗನವಾಡಿಗೆ ಕೊಟ್ಟುಬಿಟ್ಟಳು.

ಈಗ ಮುದಿತನ. ಮೂಲೆಗಳು ಸವೆದಿವೆ, ಕೆಲವು ತುಂಡುಗಳು ಕಳೆದುಹೋಗಿವೆ. ಇಲ್ಲಿನ ಮಕ್ಕಳಿಗೆ ಎತ್ತರ ಬೇಡ. ನನ್ನನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸಿ ರೈಲು ಬಿಡುತ್ತಾರೆ. ಬೀಳುವ ಭಯವಿಲ್ಲದೆ, ಕೂ ಎನ್ನುತ್ತ ಬಾಗಿಲವರೆಗೂ ಹೋಗಿ ಬರುತ್ತೇನೆ.