ಮೂಲೆಯಿಲ್ಲದ ಪೆಟ್ಟಿಗೆ

ಫಿನೈಲಿನ ವಾಸನೆ, ಇದು ಕೈಯದೋ ಪೆಟ್ಟಿಗೆಯದೋ, ಆಮ್ರಪಾಲಿ ಬೆರಳುಗಳನ್ನು ಮೂಗಿಗೆ ಹಿಡಿದು ನೋಡಿದಳು, ಎರಡರದ್ದೂ ಇರಬೇಕು, ವಾರವೆಲ್ಲ ಹುಮನಾಬಾದಿನ ಔಷಧಿ ಕಾರ್ಖಾನೆಯ ನೆಲ ಒರೆಸಿ ಒರೆಸಿ ಈ ಕೈಗೆ ಬೇರೆ ವಾಸನೆಯೇ ಉಳಿದಿಲ್ಲ, ರೊಟ್ಟಿ ಬಡಿದರೂ ಅದೇ, ತಲೆ ಬಾಚಿದರೂ ಅದೇ — ಇವತ್ತು ಭಾನುವಾರ, ಕೆಲಸವಿಲ್ಲ, ಬಸವಕಲ್ಯಾಣದ ತನ್ನ ಮನೆಯ ಅಂಗಳ, ಬೇವಿನ ನೆರಳು ಪೆಟ್ಟಿಗೆಯ ಅರ್ಧಕ್ಕೆ ಬಂದಿದೆ, ಪೆಟ್ಟಿಗೆ ಮುಗಿದಿದೆ, ಎಷ್ಟು ಚಂದ ಮುಗಿದಿದೆ, ನಾಯಿಯ ಬಾಣಂತನಕ್ಕೆ ಇಂಥ ಮನೆ ಈ ಓಣಿಯಲ್ಲಿ ಯಾರು ಕಟ್ಟಿದ್ದಾರೆ, ಮನುಷ್ಯರಿಗೇ ಕಟ್ಟಿಲ್ಲ. ತಳಕ್ಕೆ ಯಾರೋ ಬಿಚ್ಚಿ ಎಸೆದ ಬಚ್ಚಲಿನ ಪ್ಲಾಸ್ಟಿಕ್ ಬಾಗಿಲು, ಸುತ್ತ ಮೊಣಕಾಲೆತ್ತರದ ಹಲಗೆ, ನೀರು ಕುಡಿಯದಂತೆ ಬಣ್ಣ, ಮುಂದಿನ ಹಲಗೆ ಮಾತ್ರ ತಗ್ಗು, ಮೇಲಕ್ಕೆ ಎಳೆದರೆ ಕಳಚಿ ಬರುತ್ತದೆ, ಹಿಂದೆ ಒಂದು ಇಟ್ಟಿಗೆ ಕೊಟ್ಟು ಕೊಡ ನೀರು ಸುರಿದರೆ ಇದ್ದ ಹೊಲಸೆಲ್ಲ ಮುಂದೆ ಹರಿದು ಹೋಗಬೇಕು, ಹೋಗುತ್ತದೆ, ನಿನ್ನೆ ಸುರಿದು ನೋಡಿದ್ದಾಳೆ, ಸುಮ್ಮನೆ ನೋಡುವ ಖುಷಿಗೇ ಇನ್ನೊಂದು ಕೊಡ ಸುರಿದಿದ್ದಾಳೆ. ಮತ್ತೆ ಆ ಮೂಲೆಗಳು — ಮೂಲೆಗಳೇ ಇಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನ ಮೇಲ್ವಿಚಾರಕಿ ಶೀತಲ್ ಮೇಡಂ ಕೇಳಿದ್ದರಲ್ಲ, ಈ ಖೋಲಿಯೊಳಗ ಮೂಲಿ ಎಲ್ಲಿ ಅದ ತೋರಸು ನೋಡೂಣು, ಅವಳು ಸುತ್ತ ನೋಡಿದರೆ ಇಲ್ಲ, ನೆಲವೇ ಮೆಲ್ಲಗೆ ಬಾಗಿ ಗೋಡೆಯಾಗಿತ್ತು, ಬೋಗುಣಿಯ ಒಳಮೈ ಹಾಗೆ, ಮೂಲಿ ಇದ್ದಲ್ಲೇ ಹೊಲಸು ಕೂಡತದ ತಂಗಿ, ಮೂಲಿನೇ ಇಲ್ದಂಗ ಮಾಡಿದ್ರ ಒಂದ ಸಲ ವರಸಿದ್ರ ಸಾಕು. ಆ ಮಾತು ಅವಳ ಮನಸ್ಸಿನಲ್ಲಿ ಬಿತ್ತಿದ ಹಾಗೆ ಉಳಿದಿತ್ತು, ಈಗ ಮೊಳೆತಿದೆ, ನಳ ಸೋರಿದರೆ ಮೆತ್ತುವ ಎಂ-ಸೀಲನ್ನು ನಾದಿ ನಾದಿ ಹಲಗೆಯೂ ತಳವೂ ಕೂಡುವ ಕಡೆಯೆಲ್ಲ ಮೆತ್ತಿ, ಒದ್ದೆ ಬೆರಳಿನಿಂದ ತೀಡಿ ತೀಡಿ, ನಾಲ್ಕೂ ಮೂಲೆಗಳನ್ನು ಅವಳೇ ಅಳಿಸಿದ್ದಾಳೆ.

ಪೈಪು ಮಾತ್ರ ಗಂಡನದು, ಸಂಘರತ್ನ ನಳ ಜೋಡಿಸುವ ಕೆಲಸದವನು, ಹಲಗೆಯಿಂದ ನಾಲ್ಕು ಬೆರಳು ಬಿಟ್ಟು ಒಳಸುತ್ತಲೂ ಬಿಳಿ ಪೈಪು ಕೂಡಿಸಿದ್ದಾನೆ, ತಾಯಿ ಎಷ್ಟೇ ಬೆನ್ನು ಚಾಚಿ ಮಲಗಿದರೂ ಪೈಪು ತಡೆಯುತ್ತದೆ, ಸಂದಿಯಲ್ಲಿ ಮರಿಗೆ ಜಾಗ ಉಳಿಯುತ್ತದೆ, ದನದ ದವಾಖಾನೆಯ ಡಾಕ್ಟರು ಹೇಳಿದ್ದು. ಇದ್ಯಾಕ ಅಂತ ಸಂಘರತ್ನ ಕೇಳಲಿಲ್ಲ, ಕೇಳುವುದೇನಿದೆ, ಹೋದ ಸಲ ಬೇವಿನ ಬುಡದಲ್ಲಿ ಗುಂಡಿ ತೋಡಿದವನು ಅವನೇ — ಬೇಡ, ಅದು ಬೇಡ, ಇವತ್ತು ಬೇಡ, ಆದರೆ ಬಚ್ಚಲಿನ ಪಕ್ಕದ ಆ ಮೂಲೆಯ ಕಡೆ ಕಣ್ಣು ಹೋಗಿಯೇ ಹೋಗುತ್ತದೆ, ಅಲ್ಲಿ ದಪ್ಪನೆಯ ಕೌದಿ ಹಾಸಿದವಳು ತಾನೇ, ಚಳಿ ಆದೀತೆಂದು ಪದರು ಪದರಾಗಿ, ಬಸ್ಸಿಳಿದು ಬಂದು ನೋಡಿದರೆ ಬಿಜಲಿ ಉಳಿದ ಮರಿಗಳನ್ನು ನೆಕ್ಕುತ್ತಿದೆ, ಅದರ ಬೆನ್ನಿಗೂ ಗೋಡೆಗೂ ನಡುವೆ, ಕೌದಿಯ ಮಡಿಕೆಯಿಂದ, ಒಂದು ಬಿಳಿ ಕಾಲು, ಅಷ್ಟೇ, ಒಂದು ಪುಟ್ಟ ಬಿಳಿ ಕಾಲು ಹೊರಗೆ ಚಾಚಿಕೊಂಡಿತ್ತು, ಅಲುಗಲಿಲ್ಲ. ತಾಯಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಿಲ್ಲದೆ ಬಾಲ ಆಡಿಸುತ್ತ ಇವಳ ಮುಖ ನೋಡಿತ್ತು, ಆ ನೋಟವನ್ನು ಮರೆಯುವುದು ಹೇಗೆ, ನಸುಕಿನ ಪಾಳಿಗೆ ಹೊರಟ ದಿನಗಳಲ್ಲಿ ಓಣಿಯ ಕತ್ತಲು ದಾಟಿಸಿ ಬಸ್ ನಿಲ್ದಾಣದವರೆಗೆ ಬಂದು, ಬಸ್ಸು ಹೊರಡುವ ತನಕ ಕೂತು, ಆಮೇಲಷ್ಟೇ ತಿರುಗುವ ನಾಯಿ ಅದು, ಅಣ್ಣತಮ್ಮಂದಿರು ಮಾಡದ್ದನ್ನು ಮಾಡಿದೆ, ಅದರ ಋಣಕ್ಕೆ ಈ ಸಲ ಒಂದೂ ಮರಿ ಹೋಗಬಾರದು, ಒಂದೂ.

ಅತ್ತೆ ಕಮಳಾಬಾಯಿ ಮಂಚದ ಮೇಲೆ ಕೂತು ಅಕ್ಕಿ ಆರಿಸುತ್ತ ಬೆಳಿಗ್ಗೆಯಿಂದ ನಗುತ್ತಿದ್ದಾರೆ, ಕೂಸು ಹುಟ್ಟೂ ಮೊದಲ ಕುಲಾವಿ ಹೊಲಿಸಿದ್ರಂತ, ಹಂಗಾತು ನಿಂದು, ನಮ್ಮ ಕಾಲದಾಗ ಹಡದ ಮ್ಯಾಲೇ ತೊಟ್ಟಿಲಾ ತರ್ತಿದ್ರು. ನಗಲಿ ಬಿಡಿ, ನಗುವ ಅತ್ತೆ ಸಿಕ್ಕಿದ್ದೂ ಪುಣ್ಯವೇ, ಕೊಹಿನೂರ ಹಳ್ಳಿಯ ತವರಿನಲ್ಲಿ ಗೆಳತಿಯರ ಅತ್ತೆಯರ ಕಥೆ ಕೇಳಿದರೆ ಇವರು ಬೆಣ್ಣೆ — ಅಷ್ಟರಲ್ಲಿ ಬಿಜಲಿ ಎದ್ದಿತು, ನಾಲಗೆ ಹೊರಗೆ, ಏದುಸಿರು, ಎರಡು ದಿನದಿಂದ ಊಟ ಬಿಟ್ಟಿದೆ, ಹೊತ್ತು ಬಂತು, ಬಾ ಬಿಜಲಿ ಬಾ, ನಿನ್ನ ಮನಿ ನೋಡು ಬಾ. ಬಂತು, ಮೂಸಿತು, ಸೀನಿತು, ಮತ್ತೊಮ್ಮೆ ಸೀನಿತು, ಬಾಲ ಮುದುರಿಕೊಂಡು ಹಿಂದೆ ಸರಿಯಿತು. ಎತ್ತಿ ಒಳಗಿಟ್ಟರೆ ಪ್ಲಾಸ್ಟಿಕ್ಕಿನ ಮೇಲೆ ನಾಲ್ಕು ಕಾಲೂ ನಾಲ್ಕು ಕಡೆ ಜಾರಿದವು, ಗಾಬರಿಯಾಗಿ ಹೊರಗೆ ಹಾರಿತು. ನಳದ ಕೆಳಗೆ ಕೈ ತೊಳೆಯುತ್ತಿದ್ದ ಸಂಘರತ್ನ, ಊರಿಗಿ ಬಂದಾಕಿ ನೀರಿಗಿ ಬರದ ಇರ್ತಾಳೇನ, ಜರಾ ತಡಿ, ಬರ್ತಾಳ, ಅಂದ. ಬರಲಿಲ್ಲ. ಹೋಗಿದ್ದು ಎಲ್ಲಿಗೆ, ಬಚ್ಚಲಿನ ಪಕ್ಕದ ಮೂಲೆಗೆ, ಅದೇ ಮೂಲೆಗೆ, ಕಾಲಿನಿಂದ ಮಣ್ಣು ಕೆದರತೊಡಗಿತು, ಗೋಡೆಗೆ ಬೆನ್ನು ಕೊಟ್ಟು ಸುತ್ತು ಹಾಕಿ ಕೂತಿತು, ಆಮ್ರಪಾಲಿಗೆ ಮತ್ತೆ ಅದೇ ಕಂಡಿತು, ಬಿಳಿ ಕಾಲು, ಗೋಡೆ, ಬೆನ್ನು, ಇಷ್ಟು ದಿನ ತೀಡಿದ್ದು ಯಾರಿಗೆ, ಯಾವ ಪುರುಷಾರ್ಥಕ್ಕೆ, ಏ ಬುದ್ಧಿಗೇಡಿ ನಾಯಿ, ಅಂದಳು, ಅಂದ ಮೇಲೆ ಅಳು ಬಂತು, ಎಷ್ಟ ತಿಕ್ಕೀನ್ರಿ ಅತ್ತಿ, ಮೂರು ಸಲ ಫಿನೈಲ್ ಹಾಕಿ ತೊಳದೀನ್ರಿ, ಒಂದು ಹೊಲಸಿನ ಕಲಿ ಇಲ್ಲ, ವಾಸನಿ ಇಲ್ಲ. ಅತ್ತೆ ಅಕ್ಕಿಯ ಮೊರ ಕೆಳಗಿಟ್ಟರು, ವಾಸನಿ ಇಲ್ಲ ಅಂತ, ಇಲ್ಲಿ ತನಕ ಮೂಗಿಗಿ ಬಡಿಯಾಕತ್ತದ ನಿನ್ನ ಫ್ಯಾಕ್ಟರಿ, ಅದು ನಾಯಿ ಅದವಾ, ನಿಮ್ಮ ಸಾಹೇಬ ಅಲ್ಲ.

ನಿಜ, ನಿಜವೇ, ಕಾರ್ಖಾನೆಯಲ್ಲಿ ಯಾರ ವಾಸನೆಯೂ ಉಳಿಯಬಾರದು, ತನ್ನದೂ ಉಳಿಯಬಾರದು, ಅದಕ್ಕೇ ಟೊಪ್ಪಿಗೆ, ಅದಕ್ಕೇ ಗವಸು, ಆ ಲೆಕ್ಕವನ್ನು ತಂದು ಹೆರುವ ಪ್ರಾಣಿಯ ಮುಂದಿಟ್ಟೆನಲ್ಲ, ಬಿಜಲಿಗೆ ಇದು ಯಾರ ಮನೆಯೂ ಅಲ್ಲ. ಬಿಸಿನೀರು ಕಾಸು, ಸುರಿ, ಒರೆಸು, ಬಿಸಿಲಿಗೆ ಎಳೆ, ಮತ್ತೆ ಸುರಿ, ಸಂಘರತ್ನ ಕೊಡ ಹೊರುತ್ತಾನೆ, ಅತ್ತೆ ಒಳಗೆ ಹೋಗಿ ಪೆಟಾರಿಯಿಂದಲ್ಲ, ಹಾಸಿಗೆಯಿಂದಲೇ ತಮ್ಮ ಹಳೆಯ ಸೀರೆ ಎಳೆದು ತಂದರು, ತೊಳೆದು ತೊಳೆದು ಮೆತ್ತಗಾದದ್ದು, ದಿನಾ ಹೊದ್ದು ಮಲಗುವುದು, ಆ ಮಂಚದ ಕೆಳಗೇ ಬಿಜಲಿ ಮಲಗುವುದು, ಹುಟ್ಟಿದ ಕೂಸಿಗಿ ಹೊಸ ಅರಬಿ ಹಾಕಬಾರದು, ಹಿರ್ಯಾರ ಮೈಗಿ ಹತ್ತಿದ್ದು ಹಾಕಬೇಕು, ತಗೊ. ಬ್ಯಾಡ್ರಿ ಅತ್ತಿ, ಅರಬಿ ಬ್ಯಾಡ, ಮಡಿಕಿ ಬೀಳ್ತದ, ಮಡಿಕ್ಯಾಗ — ಅವಳ ಕಣ್ಣು ಬೇವಿನ ಬುಡಕ್ಕೆ ಹೋಯಿತು. ಮಡಿಕಿ ಬೀಳದಂಗ ಹಾಕೂಣು, ಮಂಚಕ್ಕ ನವಾರ ಬಿಗದಂಗ, ಅಂದರು ಅತ್ತೆ, ಸಂಘರತ್ನ ತೆಳ್ಳನೆಯ ಹಲಗೆಯೊಂದನ್ನು ಅಳತೆಗೆ ಕೊಯ್ದ, ಮೂವರೂ ಕೂತು ಸೀರೆಯನ್ನು ಜಗ್ಗಿ ಜಗ್ಗಿ ಹಲಗೆಗೆ ಸುತ್ತಿ ಕೆಳಗೆ ಗಂಟು ಹಾಕಿದರು, ಬೆರಳಿಂದ ಬಾರಿಸಿದರೆ ಹಲಗೆಯ ಸದ್ದು, ಒಂದು ಸುಕ್ಕಿಲ್ಲ, ಹೊಲಸಾದರೆ ಹಲಗೆ ಎಳೆ, ಸೀರೆ ಬಿಚ್ಚು, ಒಗೆ, ಇನ್ನೊಂದು ಸೀರೆ ಬಿಗಿ, ಮುಗಿಯಿತು. ಅತ್ತೆ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಬಿಜಲೀ ಅಂದರು, ಅಷ್ಟೇ, ಅದು ಎದ್ದು ಬಂತು, ಸೀರೆ ಮೂಸಿತು, ಬಹಳ ಹೊತ್ತು ಮೂಸಿತು, ಹೊಟ್ಟೆ ಜೋಲಿಸಿಕೊಂಡು ತಗ್ಗು ಹಲಗೆ ದಾಟಿ ಒಳಗೆ ಹೋಯಿತು, ಕಾಲು ಜಾರಲಿಲ್ಲ.

ಆಮೇಲೆ ಮೊದಲನೆಯದು, ಕಂದು, ನೆಕ್ಕಿಸಿಕೊಂಡು ಕುಂಯ್ ಅಂದಿತು, ಎರಡನೆಯದು ತಾಯಿಯ ಹಾಗೇ, ಮತ್ತೊಂದು, ಮತ್ತೆ ಇನ್ನೊಂದು ಬಿಳಿ ಕಾಲಿನದು, ಅತ್ತೆ ಇವಳ ಕಡೆ ನೋಡಿದರು, ಇವಳು ಅತ್ತೆಯ ಕಡೆ, ಬೇವಿನ ನೆರಳು ಪೆಟ್ಟಿಗೆ ದಾಟಿ ಅತ್ತ ಹೋಗಿದೆ, ಸಂಘರತ್ನ ಚಹಾ ಮಾಡಿ ತಂದಿದ್ದಾನೆ, ಸಕ್ಕರೆ ಹೆಚ್ಚಾಗಿದೆ, ಇರಲಿ, ಇವತ್ತು ಹೆಚ್ಚಾಗಲಿ, ಬೆರಳು ಮೂಗಿಗೆ ಹಿಡಿದರೆ ಈಗ ಹಾಲಿನ, ನಾಯಿಯ, ಅತ್ತೆಯ ಸೀರೆಯ ವಾಸನೆ, ಇಷ್ಟು ಸುಖವಾಗಿ ತಾನು ಕೂತದ್ದು ಯಾವಾಗ — ಬಿಜಲಿ ನಿಟ್ಟುಸಿರು ಬಿಟ್ಟು ಹೊರಳಿತು, ಮೈಭಾರವನ್ನೆಲ್ಲ ಹಿಂದಕ್ಕೆ ಚೆಲ್ಲಿತು, ಪೈಪು ಕಿರ್ ಅಂದಿತು, ಹೊಟ್ಟೆಯ ಹತ್ತಿರ ಮೂರೇ ಮರಿ, ಮೂರೇ, ಇನ್ನೊಂದೆಲ್ಲಿ, ಚಹಾದ ಕಪ್ಪು ಕೈಯಲ್ಲೇ ನಿಂತಿತು, ಬೆನ್ನಿಗೂ ಹಲಗೆಗೂ ನಡುವೆ, ಪೈಪಿನ ಕೆಳಗಿಂದ, ಒಂದು ಬಿಳಿ ಕಾಲು, ಪುಟ್ಟ ಬಿಳಿ ಕಾಲು, ಅಲುಗುತ್ತಿಲ್ಲ, ಅತ್ತೆ ಏನೋ ಕೇಳುತ್ತಿದ್ದಾರೆ, ಕೇಳಿಸುತ್ತಿಲ್ಲ, ಬಿಳಿ ಕಾಲು, ಗೋಡೆ, ಬೆನ್ನು, ಬಿಳಿ ಕಾಲು — ಆ ಕಾಲಿನ ಪುಟ್ಟ ಬೆರಳುಗಳು ಬಿಚ್ಚಿದವು, ಮಡಚಿದವು, ಬಿಚ್ಚಿದವು.