ಮೂವತ್ತಾರರ ಗೆರೆ

“ಕೈ ಚಾಚೇ ಮುಂಡೇದೆ. ನಿನ್ ರಕ್ತ ಕುಡಿಯೋಕೆ ನಾನೇನು ಸೊಳ್ಳೆನಾ?” ಎಂದರು ಕಾರ್ಖಾನೆಯ ಡಾಕ್ಟರು.

ಕೈ ಚಾಚಿದವಳು ನನ್ನ ತಂಗಿ.

ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆ ನಮ್ಮದು. ಸೀಸದ ಹೊಗೆ ರಕ್ತದ ಕೆಂಪನ್ನು ತಿನ್ನುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಪರೀಕ್ಷೆ. ಬೆರಳು ಚುಚ್ಚಿ, ಕಡ್ಡಿಯಷ್ಟು ಸಣ್ಣ ಗಾಜಿನ ಕೊಳವೆಗೆ ರಕ್ತ ತುಂಬಿ, ಯಂತ್ರದಲ್ಲಿ ಐದು ನಿಮಿಷ ಗಿರಗಿರ ತಿರುಗಿಸಿದರೆ ಕೆಂಪು ಕಣ ತಳಕ್ಕೆ ಕೂರುತ್ತದೆ, ಹಳದಿ ನೀರು ಮೇಲೆ ನಿಲ್ಲುತ್ತದೆ. ನೂರು ಪಾಲಿನಲ್ಲಿ ಕೆಂಪು ಮೂವತ್ತಾರಿದ್ದರೆ ಕೆಲಸ, ಕಡಿಮೆಯಾದರೆ ಮನೆ. ಹಾಗೆ ಹೋದವಳನ್ನು ಮತ್ತೆ ಯಾರೂ ಕರೆಯುವುದಿಲ್ಲ.

ಆ ಯಂತ್ರ ತಿರುಗಿಸುವವನು ನಾನೇ. ಕಸ ಗುಡಿಸಲು ಸೇರಿದವನು. ಈಗ ನಾನಿಲ್ಲದಿದ್ದರೆ ಭೂಮಿಯೂ ತಿರುಗುವುದಿಲ್ಲ. ನೂರು ಮಾರು ದೂರದಿಂದ ಉಗುರಿನ ಬಣ್ಣ ನೋಡಿ ಅಂಕಿ ಹೇಳಬಲ್ಲೆ. ಡಾಕ್ಟರಿಗೆ ತಿಳಿಯದ ಒಂದು ವಿದ್ಯೆಯೂ ನನ್ನಲ್ಲಿದೆ: ಹಿಂದಿನ ದಿನದಿಂದ ನೀರು ಮುಟ್ಟದಿದ್ದರೆ ಹಳದಿ ನೀರು ಬತ್ತಿ ಕೆಂಪಿನ ಪಾಲು ಏರುತ್ತದೆ. ಇದರಿಂದ ಒಂದು ಲಕ್ಷ ಹೆಂಗಸರ ಕೆಲಸ ಉಳಿಸಿದ್ದೇನೆ. ಸರಿ, ನಲವತ್ತು.

ತಂಗಿಯ ಉಗುರು ಸುಣ್ಣದಂತಿತ್ತು. ಎರಡು ದಿನ ನೀರು ಬಿಡು ಎಂದಿದ್ದೆ. ಬಿಟ್ಟಿದ್ದಳು.

“ನಾಲಿಗೆ ಚಪ್ಪಲಿ ಥರ ಆಗಿದೆ ಅಣ್ಣ,” ಎಂದಳು ಮೆಲ್ಲಗೆ.

“ಒಳ್ಳೇದಾಯ್ತು ಬಿಡು. ನಿನ್ ಗಂಡ ಎರಡು ದಿನ ಬೈಸ್ಕೊಳ್ದೆ ಬದುಕ್ದ.”

ನಕ್ಕಳು. ಒಣಗಿದ ತುಟಿ ಒಡೆಯಿತು.

ಕೊಳವೆಯನ್ನು ಅಳತೆಪಟ್ಟಿಗೆ ಹಿಡಿದೆ. ಮೂವತ್ತೇಳು. ನಾನು ಮೀಸೆ ತಿರುವಿದೆ.

“ಕುದುರೆ ಇದ್ದಂಗಿದಾಳೆ. ದೊಡ್ಡ ಭಟ್ಟಿಗೆ ಹಾಕಿ ಇವಳ್ನ,” ಎಂದರು ಡಾಕ್ಟರು.

“ಒಂಚೂರು ನೀರು ಕುಡ್ಕೊಂಡು ಬರ್ತೀನಿ,” ಎಂದಳಂತೆ ಭಟ್ಟಿಯ ಮೇಸ್ತ್ರಿಗೆ.

“ಊಟದ ಗಂಟೆ ಹೊಡೀಲಿ, ಲೌಡಿ.”

ಗಂಟೆಗೆ ಮೊದಲೇ ಬಿದ್ದಳು. ಮೇಸ್ತ್ರಿ ಬೂಟುಗಾಲಿನಿಂದ ತಿವಿದು, “ಏಳೇ, ಸಾಕು ನಾಟಕ,” ಎಂದ. ಏಳಲಿಲ್ಲ. ಎತ್ತಿದವನು ನಾನು. ಆನೆ ಎತ್ತುತ್ತೇನೆ ಎಂದು ಊರೆಲ್ಲ ಕೊಚ್ಚಿಕೊಂಡವನಿಗೆ ಅವಳನ್ನು ಬಾಗಿಲವರೆಗೆ ತರಲಾಗಲಿಲ್ಲ.

ತನಿಖೆಗೆ ಬಂದ ಅಧಿಕಾರಿಗೆ ಡಾಕ್ಟರು ಅದೇ ಕೊಳವೆ ತೋರಿಸಿದರು. “ಮೂವತ್ತೇಳು ಸಾರ್. ಗಟ್ಟಿ ಹೆಣ್ಣು. ಹಣೇಲಿ ಬರ್ದಿದ್ದು, ಹೋದ್ಲು. ಬೇಕಾದ್ರೆ ಇವನನ್ನ ಕೇಳಿ, ಸ್ವಂತ ಅಣ್ಣನೇ ಅಳತೆ ನೋಡಿದ್ದು.”

ನಾನು ಬಾಯಿಬಿಟ್ಟರೆ ನಲವತ್ತು ಹೆಂಗಸರೂ ಮನೆಗೆ.

“ಹೌದು ಸಾರ್,” ಎಂದೆ.

ಮುಂದಿನ ಪರೀಕ್ಷೆಗೆ ಅವರೆಲ್ಲ ಒಡೆದ ತುಟಿ ಹೊತ್ತು ಸಾಲಾಗಿ ನಿಂತಿದ್ದರು. ಯಂತ್ರ ಬಿಟ್ಟು, ನೀರಿನ ಕೊಡ ಎತ್ತಿಕೊಂಡು ಅವರತ್ತ ನಡೆದೆ.

“ಎಲ್ಲಿಗೋ? ತಿರುಗಿಸೋ ಬೋಳಿಮಗನೆ,” ಎಂದರು ಡಾಕ್ಟರು.

“ನೀವೇ ತಿರುಗಿಸ್ಕೊಳ್ಳಿ ಸಾರ್.”

ಮೊದಲು ನಿಂತವಳ ಮುಂದೆ ಲೋಟ ಹಿಡಿದೆ. “ಕುಡಿಯಕ್ಕ. ಎಲ್ರೂ ಕುಡುದ್ರೆ ಎಲ್ರನ್ನೂ ಮನೆಗೆ ಕಳ್ಸೋಕಾಗಲ್ಲ ಇವ್ರ ಕೈಲಿ.”

“ನಂಗೆ ಎರಡು ಮಕ್ಳು ಕಣೋ,” ಎಂದು ಮುಖ ತಿರುಗಿಸಿದಳು. ಎರಡನೆಯವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಮೂರನೆಯವಳು ನೀರನ್ನೇ ನೋಡುತ್ತ ಒಣಗಂಟಲಲ್ಲಿ ಉಗುಳು ನುಂಗಿದಳು, ಕೈ ಮಾತ್ರ ಎತ್ತಲಿಲ್ಲ.

ತುಂಬಿದ ಲೋಟ ಹಿಡಿದು ನಾಲ್ಕನೆಯವಳ ಮುಂದೆ ನಿಂತೆ.