ಒಂದು ಬೀಡಿ ಹೊತ್ತು

ನಾನು ಒಂದು ಬಕೆಟ್. ಪ್ಲಾಸ್ಟಿಕ್ಕಿನದಲ್ಲ, ತಗಡಿನದೂ ಅಲ್ಲ. ದಪ್ಪ ಕ್ಯಾನ್ವಾಸ್ ಬಟ್ಟೆಯದು. ಮಂಗಳೂರಿನ ಬಂದರಿನಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದ ಇದಿನಬ್ಬ ಎಂಬವರ ಕೈಯಲ್ಲಿ 1983ರಲ್ಲಿ ಹುಟ್ಟಿದೆ. ಬಾಯಿಗೆ ಕಬ್ಬಿಣದ ಬಳೆ, ತಳಕ್ಕೆ ಮರದ ಬಿಲ್ಲೆ, ಹಿಡಿಯಲು ಹಗ್ಗ.

"ನೀರು ಎತ್ಲಿಕ್ಕೆ ಬಟ್ಟೆಯ ಬಕೆಟ್ ಯಾಕೆ ಸಾರ್?" ಎಂದು ಇದಿನಬ್ಬ ಕೇಳಿದರು.

"ದೋಣಿಗೆ ಬಡಿದ್ರೂ ಒಡೀಬಾರ್ದು, ಅದಕ್ಕೆ," ಎಂದರು ನನ್ನನ್ನು ಹೊಲಿಸಿದ ಹರಿದಾಸ ಶೆಣೈ. ಅವರು ಕಾಲೇಜಿನಲ್ಲಿ ಕಡಲಿನ ಭೌತಶಾಸ್ತ್ರ ಕಲಿಸಲು ಆಗಷ್ಟೇ ಸೇರಿದ್ದ ಇಪ್ಪತ್ತೆಂಟರ ಮೇಷ್ಟ್ರು. ನನ್ನ ಗಟ್ಟಿತನದ ಬಗ್ಗೆ ಇಬ್ಬರೂ ತುಂಬಾ ಯೋಚಿಸಿದರು. ನನ್ನ ಮೈ ಬೆವರುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ನನ್ನ ಕೆಲಸ ಸುಲಭದ್ದು. ಜೋರು ಮಳೆಗಾಲ ಬಿಟ್ಟು ಪ್ರತಿ ಗುರುವಾರ ಬೆಳಿಗ್ಗೆ ವಾಮನ ಪುತ್ರನ್ ಎಂಬವರ ದೋಣಿ ನಮ್ಮನ್ನು ದಡದಿಂದ ಐದು ಮೈಲಿ ಆಚೆಗೆ ಒಯ್ಯುತ್ತಿತ್ತು. ವಾಮನಣ್ಣ ನನ್ನನ್ನು ಕಡಲಿಗೆ ಇಳಿಸಿ ತುಂಬಿಸಿ ಮೇಲೆಳೆದು ದೋಣಿಯ ಹಲಗೆಯ ಮೇಲೆ ಇಡುತ್ತಿದ್ದರು. ಶೆಣೈಯವರು ನನ್ನೊಳಗೆ ಥರ್ಮಾಮೀಟರ್ ಇಳಿಬಿಡುತ್ತಿದ್ದರು. ಅದು ನೀರಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕಾಯಬೇಕು. ಮೊದಲ ವಾರವೇ ಅವರ ಕೈಗಡಿಯಾರಕ್ಕೆ ಉಪ್ಪುನೀರು ಹೊಕ್ಕು ನಿಂತುಹೋಗಿತ್ತು. ಅಂದಿನಿಂದ ವಾಮನಣ್ಣನ ಬೀಡಿಯೇ ಗಡಿಯಾರ. ನನ್ನನ್ನು ಇಟ್ಟ ಕೂಡಲೇ ಅವರು ಬೀಡಿ ಹಚ್ಚುವರು. ದೋಣಿಯ ಓಲಾಟಕ್ಕೆ ಹೊಟ್ಟೆ ತೊಳಸಿ ಮೇಷ್ಟ್ರು ತಲೆ ತಗ್ಗಿಸಿ ಕೂರುವರು. ಬೀಡಿ ಮುಗಿದಾಗ "ಆಯ್ತು ಸಾರ್" ಎಂಬ ಮಾತು ಬರುವುದು. ಮೇಷ್ಟ್ರು ಬಗ್ಗಿ ನೋಡಿ ಕಡಲಿನ ಬಿಸಿಯನ್ನು ಪುಸ್ತಕದಲ್ಲಿ ಬರೆಯುವರು.

ಆ ಒಂದು ಬೀಡಿ ಹೊತ್ತಿನಲ್ಲಿ ನನಗೇನಾಗುತ್ತಿತ್ತು ಎಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಹೊರಮೈಯಲ್ಲಿ ಜಿನುಗಿದ ನೀರು ಕಡಲ ಗಾಳಿಗೆ ಆರುತ್ತಿತ್ತು, ಆರುತ್ತಾ ಒಳಗಿನ ನೀರನ್ನೂ ತಣ್ಣಗೆ ಮಾಡುತ್ತಿತ್ತು. ಹದಿನಾರು ವರ್ಷ, ವಾರವಾರವೂ, ಕಡಲು ಇದ್ದದ್ದಕ್ಕಿಂತ ತಣ್ಣಗಿದೆ ಎಂದು ನಾನು ಸುಳ್ಳು ಹೇಳಿದೆ. ಬೇಕೆಂದು ಹೇಳಿದ್ದಲ್ಲ, ನನ್ನ ಹುಟ್ಟುಗುಣವೇ ಹಾಗೆ.

1999ರಲ್ಲಿ ನನ್ನ ಹೊಲಿಗೆ ಬಿಟ್ಟಿತು. ಮುಂದಿನ ಗುರುವಾರ ಪೇಟೆಯಿಂದ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಬಂತು. ದಪ್ಪ ಗೋಡೆಯದು, ಬೆವರದ ಜಾತಿ. ಪುಸ್ತಕದಲ್ಲಿ ಆ ದಿನವೂ ತಾರೀಕು, ಬಿಸಿ, ಗಾಳಿ ಎಲ್ಲ ಬರೆದರು. ಬಕೆಟ್ ಬದಲಾಯಿತೆಂದು ಬರೆಯಲಿಲ್ಲ. ಬಕೆಟ್ಟಿನ ಸುದ್ದಿ ಯಾರು ಬರೆಯುತ್ತಾರೆ? ವಾಮನಣ್ಣ ನನ್ನನ್ನು ಮನೆಗೆ ಒಯ್ದು, ಬಲೆಗೆ ಕಟ್ಟುವ ತೇಲುಬುರುಡೆಗಳನ್ನು ತುಂಬಿ ಶೆಡ್ಡಿನ ಮೂಲೆಗೆ ತಳ್ಳಿದರು. ಅಲ್ಲಿ ಹದಿಮೂರು ವರ್ಷ ಕಳೆದೆ. ಬೇಜಾರಿತ್ತು, ಇಲ್ಲವೆನ್ನಲಾರೆ.

2012ರಲ್ಲಿ ಶೆಡ್ಡಿಗೆ ಒಬ್ಬ ಹುಡುಗಿ ಬಂದಳು. ಹೆಸರು ನೀಲಾಂಬಿಕಾ ಹೂಗಾರ. ಗದಗ ಜಿಲ್ಲೆಯ ರೋಣದವಳು, ಎಂ.ಎಸ್ಸಿ.ಗೆ ಸೇರಲು ಬಂದ ದಿನವೇ ಮೊದಲ ಸಲ ಕಡಲು ನೋಡಿದವಳು. ಈಗ ಶೆಣೈಯವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ಅವರ ಇಪ್ಪತ್ತೊಂಬತ್ತು ವರ್ಷಗಳ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಗೆರೆ ಎಳೆದು ನೋಡಿದ್ದಳು. 1999ರಲ್ಲಿ ಕಡಲು ಏಕಾಏಕಿ ಸುಮಾರು ಅರ್ಧ ಡಿಗ್ರಿ ಬಿಸಿಯಾಗಿ, ಆಮೇಲೆ ಕೆಳಗಿಳಿದೇ ಇರಲಿಲ್ಲ. ಕಡಲಿಗೆ ಅರ್ಧ ಡಿಗ್ರಿ ಎಂದರೆ ಸಣ್ಣ ಮಾತಲ್ಲ. ಆಳದಿಂದ ತಣ್ಣೀರು ಮೇಲೆ ಬರುವುದು ಆ ವರ್ಷದಿಂದ ಕಡಿಮೆಯಾಯಿತು ಎಂದು ಅವಳು ಲೆಕ್ಕ ಹಾಕಿ ತೋರಿಸಿದ್ದಳು. ಅವಳ ನಾಲ್ಕು ವರ್ಷದ ದುಡಿಮೆಯೆಲ್ಲ ಆ ಅರ್ಧ ಡಿಗ್ರಿಯ ಮೇಲೆ ನಿಂತಿತ್ತು. ಥೀಸಿಸ್ ಒಪ್ಪಿಸಲು ಮೂರೇ ತಿಂಗಳು ಬಾಕಿ.

"ಕಾಕಾ, ಆ ವರ್ಷ ಸಮುದ್ರದಾಗ ಏನಾರ ಬದಲಾಗಿತ್ತೇನ್ರಿ? ಮೀನು ಕಡಿಮಿ ಆದ್ವು, ನೀರಿನ ಬಣ್ಣ ಬ್ಯಾರೆ ಆತು, ಹಂಗೇನರ?" ಎಂದು ಕೇಳಿದಳು. ವಾಮನಣ್ಣನ ನೆನಪೂ ಒಂದು ಸಾಕ್ಷಿಯಾಗಲಿ ಎಂಬ ಆಸೆ ಅವಳದು.

ವಾಮನಣ್ಣ ಬಲೆ ಹೆಣೆಯುತ್ತಲೇ ಯೋಚಿಸಿದರು. "ಎಂತದೂ ಇಲ್ಲ ಮಗಾ. ಮೀನು ಯಾವಾಗಿನ ಹಾಗೇ ಇತ್ತು. ಆ ವರ್ಷ ಹಳೇ ಬಕೆಟ್ ಹರಿದುಹೋಯ್ತು, ಅಷ್ಟೇ. ಅದೇ ನೋಡು, ಅಲ್ಲುಂಟು."

ನೀಲಾ ನನ್ನತ್ತ ತಿರುಗಿದಳು. ಬುರುಡೆಗಳನ್ನು ನೆಲಕ್ಕೆ ಸುರಿದು ನನ್ನ ಮೈ ಮುಟ್ಟಿದಳು. ಆಮೇಲೆ ಅಲ್ಲೇ ಕುಳಿತುಬಿಟ್ಟಳು. ಕಡಲ ತೀರದವರಿಗೆ ಹೊಳೆಯದ್ದು ಬಯಲುಸೀಮೆಯವಳಿಗೆ ಮುಟ್ಟಿದ ಕೂಡಲೇ ತಿಳಿದಿತ್ತು.

"ಬ್ಯಾಸಗಿಯೊಳಗ ನಮ್ಮವ್ವ ಮಣ್ಣಿನ ಹರವಿಗೆ ಹಸಿ ಅರಿವಿ ಸುತ್ತತಾಳ್ರಿ ಕಾಕಾ, ನೀರು ತಣ್ಣಗಾಗಲಿ ಅಂತ," ಎಂದಳು. "ಇದೂ ಹಂಗ ಮಾಡೇತಿ. ಎತ್ತಿದ ಮ್ಯಾಲೆ ಎಷ್ಟೊತ್ತು ಇಡ್ತಿದ್ರಿ ಇದನ್ನ?"

"ಒಂದು ಬೀಡಿ."

ಅವಳು ನನ್ನನ್ನು ಹಾಸ್ಟೆಲ್ಲಿಗೆ ಒಯ್ದು ಮಂಚದ ಕೆಳಗೆ ಇಟ್ಟಳು. ಒಂದು ವಾರ ನನ್ನ ಕಡೆ ನೋಡಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಊರಿಂದ ಅವಳವ್ವ ಫೋನು ಮಾಡಿ "ಯಾವಾಗ ಮುಗಿತೈತವ್ವ?" ಎಂದು ಕೇಳಿದಾಗ "ಮುಗಿದಂಗ ಐತಿ" ಎಂದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವಾಮನಣ್ಣನಿಗೆ ಅದರ ಅರ್ಥ ಗೊತ್ತಿಲ್ಲ, ನನಗೆ ಬಾಯಿಲ್ಲ. ಅವಳು ನನ್ನನ್ನು ಕಸದ ತೊಟ್ಟಿಗೆ ಹಾಕಿದ್ದರೂ ನಾನು ಬೈಯುತ್ತಿರಲಿಲ್ಲ.

ಎಂಟನೆಯ ದಿನ ಅವಳು ನನ್ನನ್ನು ಕಂಕುಳಲ್ಲಿ ಅವುಚಿಕೊಂಡು ಹೋಗಿ ಶೆಣೈಯವರ ಮೇಜಿನ ಮೇಲೆ ಇಟ್ಟಳು. ಮೇಷ್ಟ್ರ ತಲೆ ನೆರೆತಿತ್ತು. ನನ್ನನ್ನು ಕಂಡು ಅವರ ಮುಖ ಅರಳಿತು. ಅವಳು ವಿಷಯ ಹೇಳಿ ಮುಗಿಸುವಾಗ ಆ ನಗು ಮಾಸಿತ್ತು.

"ಹಾಗಾದ್ರೆ ನಾನು ಹದಿನಾರು ವರ್ಷ ಬರೆದದ್ದು ಸುಳ್ಳಾ?"

"ಸುಳ್ಳಲ್ರಿ ಸರ್. ಬಕೆಟ್ ಎಷ್ಟು ತಪ್ಪು ಹೇಳೇತಿ ಅನ್ನೋದು ಗೊತ್ತಾದ್ರ, ಸಮುದ್ರ ಏನು ಹೇಳಿತ್ತು ಅನ್ನೋದೂ ಗೊತ್ತಾಗ್ತೈತ್ರಿ."

"ನಿನ್ನ ಥೀಸಿಸ್ ಹೋಗ್ತದಲ್ಲ ಮಾರಾಯ್ತಿ."

"ಹೋಗ್ಲಿ ಬಿಡ್ರಿ," ಎಂದಳು. ಮೇಷ್ಟ್ರು ನನ್ನ ಬಿಟ್ಟ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಗುರುವಾರ ದೋಣಿ ಉಂಟು" ಎಂದಷ್ಟೇ ಹೇಳಿದರು.

ವಾಮನಣ್ಣ ಬಲೆಯ ದಾರದಿಂದ ನನಗೆ ಹೊಲಿಗೆ ಹಾಕಿದರು. ತೊಂದರೆ ಬಂದದ್ದು ಬೀಡಿಯಿಂದ. ಅವರು ಅದನ್ನು ಬಿಟ್ಟು ಐದು ವರ್ಷವಾಗಿತ್ತು. ಒಂದು ಬೀಡಿಗೆ ಎಷ್ಟು ನಿಮಿಷವೆಂದು ತಿಳಿಯದೆ ಲೆಕ್ಕ ಕೂಡುವಂತಿಲ್ಲ. ನೀಲಾ ಕೇಳಲು ಹೋದಾಗ ಅವರ ಹೆಂಡತಿ ಸುಮತಿಯಕ್ಕ ಬಾಗಿಲಲ್ಲೇ ತಡೆದರು. "ನಾನು ಬಿಡಿಸಿದ ಬೀಡಿಯನ್ನು ಪುನಃ ಹಿಡಿಸ್ಲಿಕ್ಕೆ ಬಂದದ್ದಾ ನೀನು?" ಕೊನೆಗೆ ಮೂರೇ ಬೀಡಿಗೆ ಒಪ್ಪಿದರು, ಎಣಿಸಿ ಕೊಟ್ಟರು. ಕಡಲ ಗಾಳಿಯಲ್ಲಿ ವಾಮನಣ್ಣ ಮೂರನ್ನೂ ಕೆಮ್ಮುತ್ತಾ ಸೇದಿದರು, ನೀಲಾ ಸ್ಟಾಪ್‌ವಾಚ್ ಹಿಡಿದು ಕುಳಿತಳು. ಸರಾಸರಿ ಆರು ನಿಮಿಷ.

ಬೀಡಿಯ ಕೆಲಸ ಅಲ್ಲಿಗೆ ಮುಗಿಯಿತು. ಮುಂದೆ ಒಂದು ವರ್ಷ ಪ್ರತಿ ಗುರುವಾರ ನಾನೂ ಆ ನೀಲಿ ಬಕೆಟ್ಟೂ ಅಕ್ಕಪಕ್ಕ ಕುಳಿತೆವು. ಒಂದೇ ಕಡಲು, ಒಂದೇ ಗಾಳಿ. ಎತ್ತಿದಾಗ ಇಬ್ಬರಲ್ಲೂ ಒಂದೇ ಬಿಸಿ. ಆರು ನಿಮಿಷಕ್ಕೆ ನಾನು ಅರ್ಧ ಡಿಗ್ರಿಯಷ್ಟು ಹಿಂದೆ. ಗಾಳಿ ಜೋರಿದ್ದರೆ ಇನ್ನೂ ಹೆಚ್ಚು. ಅವಳು ಅದನ್ನೆಲ್ಲ ಸೇರಿಸಿ ಹಳೆಯ ಅಂಕಿಗಳನ್ನು ತಿದ್ದಿದಳು. 1999ರ ನೆಗೆತ ಮಾಯವಾಯಿತು. ಆದರೆ ಗೆರೆ ಮಟ್ಟಸವಾಗಲಿಲ್ಲ. ಇಪ್ಪತ್ತೊಂಬತ್ತು ವರ್ಷಗಳ ಉದ್ದಕ್ಕೂ ಕಡಲು ಸ್ವಲ್ಪ ಸ್ವಲ್ಪವಾಗಿ, ಸದ್ದಿಲ್ಲದೆ ಬಿಸಿಯಾಗುತ್ತಲೇ ಬಂದಿತ್ತು. ನನ್ನ ಸುಳ್ಳನ್ನು ಕಳೆದ ಮೇಲೆ ಉಳಿದದ್ದು ಅದು.

ಥೀಸಿಸ್ಸಿನ ಮೌಖಿಕ ಪರೀಕ್ಷೆಗೆ ನನ್ನನ್ನೂ ಒಯ್ದಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಹಾಳೆ ಮಗುಚುತ್ತಾ ಹುಬ್ಬೇರಿಸಿದರು. "ಬಕೆಟ್ ಬದಲಾದ ವಿಷಯ ದಾಖಲೆಯಲ್ಲೇ ಇಲ್ಲವಲ್ಲ, ಯಾಕೆ?"

ನೀಲಾ ಬಾಯಿ ತೆರೆಯುವ ಮೊದಲೇ ಶೆಣೈಯವರು ಎದ್ದು ನಿಂತರು. "ಆ ತಪ್ಪು ನನ್ನದು," ಎಂದರು. "ಅವಳ ಹತ್ರ ಕೇಳ್ಬೇಡಿ. ಅವಳು ಹೇಳದೇ ಇದ್ದಿದ್ರೆ ನಾನು ಸಾಯುವವರೆಗೂ ಅದನ್ನೇ ಪಾಠ ಮಾಡ್ತಿದ್ದೆ." ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಾಮನಣ್ಣ ಕೆಮ್ಮಿದರು.

ಈಗ ನಾನು ಪ್ರಯೋಗಶಾಲೆಯ ಗೋಡೆಯಲ್ಲಿ ಒಂದು ಮೊಳೆಗೆ ನೇತಾಡುತ್ತಿದ್ದೇನೆ. ಬಟ್ಟೆ ಸವೆದಿದೆ, ಬಳೆ ತುಕ್ಕು ಹಿಡಿದಿದೆ, ನೀರು ನಿಲ್ಲುವುದಿಲ್ಲ. ನೀಲಾ ಇಲ್ಲೇ ಪಾಠ ಮಾಡುತ್ತಾಳೆ. ಹೊಸದಾಗಿ ಸೇರಿದವರ ಕೈಗೆ ಮೊದಲು ನನ್ನನ್ನೇ ಕೊಡುತ್ತಾಳೆ.

ನನ್ನ ಕೆಳಗಿನ ಕಪಾಟಿನಲ್ಲಿ ಆ ಹಳೆಯ ಪುಸ್ತಕಗಳಿವೆ. ಶೆಣೈಯವರು ನಿವೃತ್ತಿಯ ದಿನ ಒಬ್ಬರೇ ಬಂದು 1999ರದರಲ್ಲಿ ನನ್ನ ಹೊಲಿಗೆ ಬಿಟ್ಟ ಗುರುವಾರದ ಪುಟ ತೆಗೆದರು. ಅಂಚಿನ ಖಾಲಿ ಜಾಗದಲ್ಲಿ ಒಂದು ಸಾಲು ಬರೆದು, ಬರೆದ ದಿನದ್ದೇ ತಾರೀಕು ಹಾಕಿ, ಸಹಿ ಮಾಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿ, ನನಗೇ ಕೇಳಿಸುವಂತೆ ಅದನ್ನು ಓದಿದರು: "ಈ ಗುರುವಾರ ಕ್ಯಾನ್ವಾಸ್ ಬಕೆಟ್ ಹರಿಯಿತು."